ತಿಳಿ ಎಂಬ ಗುಂಡಿ

ಬಲಗೈ ಮಣಿಕಟ್ಟು ಪ್ಲಾಸ್ಟರಿನಲ್ಲಿದೆ.
ಕುತಾಯಿಸಿಯ ಅಂಚೆಕಚೇರಿ ಮೆಟ್ಟಿಲ ಮೇಲೆ
ಫೆಬ್ರವರಿಯ ಮಂಜುಗಡ್ಡೆ ಹೇಳದೆ ಕೇಳದೆ ಬಂದು ಕೂತಿತ್ತು,
ನಾನು ಅದರ ಮೇಲೆ ಕಾಲಿಟ್ಟೆ, ಅಷ್ಟೇ ಕಥೆ.

ಮಂಗಳವಾರಕ್ಕೆ ಧಾರಾವಾಹಿಯ ನೂರಹನ್ನೆರಡನೆಯ ಕಂತು ಕೊಡಬೇಕು:
ತುರ್ಕಿಯಲ್ಲಿ ಅಳುವವರಿಗೆ ನಮ್ಮ ನುಡಿಯಲ್ಲಿ ಅಡಿಬರಹ.
ಉಳಿದಿರುವುದು ಎಡಗೈ.
ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರವೆಂಬ ಮೇಲುಕೀಳಿಲ್ಲ,
ಆದರೂ ಏಳು ಅಕ್ಷರಗಳಿಗೆ ಏನೋ ಜಂಬ,
ಶಿಫ್ಟ್ ಒತ್ತಿ ಹಿಡಿದು ನಿಂತರೆ ಮಾತ್ರ ಹೊರಗೆ ಬರುತ್ತವೆ.
ಒಂದು ಕೈಯಲ್ಲಿ ಬಾಗಿಲು ಹಿಡಿದು ಅದೇ ಕೈಯಲ್ಲಿ
ಅತಿಥಿಯ ಕೋಟು ಇಸಿದುಕೊಳ್ಳುವುದು ಹೇಗೆ?

"ಕೀಲಿಗಳ ಜಾಗ ಬದಲಿಸಿಕೋ," ಎಂದಳು
ಔಷಧಿ ಅಂಗಡಿಯ ತ್ಸಿಸಾನಾ,
"ಸೆಟ್ಟಿಂಗಿನಲ್ಲಿದೆ, ಐದು ನಿಮಿಷದ ಕೆಲಸ."

ಐದು ನಿಮಿಷ!
ಕಿಟಕಿ ತೆರೆದರೆ ಮೊದಲ ಸಾಲಿನಲ್ಲೇ "ಪಾಳಿ".
ಯಾವ ಪಾಳಿ? ಹಗಲಿನದೋ ರಾತ್ರಿಯದೋ?
ಪಕ್ಕದಲ್ಲಿ "ಪ್ರಾಥಮಿಕ", ಅದರಾಚೆ "ಪರ್ಯಾಯ",
ಕೆಳಗೆ "ಸುಸ್ತಿ ಮರಳಿಸು".
ಬ್ಯಾಂಕಿನವರು ಇದರೊಳಗೂ ಬಂದು ಕೂತರೆ?
"ಈ ಕೀಲಿ ಬೇರೆಯವರ ಬಳಿ ಇದೆ, ರದ್ದು ಮಾಡಲೆ?"
ಉತ್ತರಕ್ಕೆ ಎರಡೇ ಗುಂಡಿ: "ಸರಿ", "ರದ್ದು".
ರದ್ದಿಗೆ ಸರಿಯೋ, ರದ್ದಿಗೆ ರದ್ದೋ?

ಮೂಲೆಯಲ್ಲಿ ಇನ್ನೊಂದು, "ತಿಳಿ".
ತಿಳಿಯಲೆಂದೇ ಬಂದವಳು ನಾನು, ಒತ್ತಿದೆ.
ಅರ್ಧ ಗಂಟೆ ತಡಕಾಡಿ ಜೋಡಿಸಿದ್ದ ಏಳೂ ಅಕ್ಷರ
ಎಲೆಯ ಮೇಲಿನ ನೀರಾಗಿ ಜಾರಿಹೋದವು.
ನಿಯೋಜಿತವಲ್ಲ.
ನಿಯೋಜಿತವಲ್ಲ.
ನಿಯೋಜಿತವಲ್ಲ.

ಬೈದೆ. ಯಾವ ಕತ್ತೆ ಮಾಡಿದ ಅನುವಾದ ಇದು,
ಉಂಡು ಮಾಡಿತೋ ನಿದ್ದೆಗಣ್ಣಲ್ಲಿ ಮಾಡಿತೋ ಎಂದು
ಬೈಯುತ್ತ ಬೈಯುತ್ತ ನಾಲಿಗೆ ನಿಧಾನವಾಯಿತು.
ಈ ಸುಸ್ತಿಯನ್ನು ಎಲ್ಲೋ ನೋಡಿದ್ದೇನೆ.
ಇದು ಅಚ್ಚಿನ ಅಕ್ಷರ, ಆದರೂ
ನನ್ನ ಕೈಬರಹ.

ಇಪ್ಪತ್ತೆರಡು ವರ್ಷದ ಹಿಂದೆ, ಕರೆಂಟಿಲ್ಲದ ಚಳಿಗಾಲ,
ಸೀಮೆಎಣ್ಣೆ ಸ್ಟೌವಿನ ಪಕ್ಕ ನಾನು, ಲಮಾರಾ.
ತ್ಬಿಲಿಸಿಯಿಂದ ಬಂದ ಪಟ್ಟಿ, ನಾಲ್ಕು ಸಾವಿರ ಪದ,
ಒಂದೊಂದೂ ಒಂಟಿ.
ಹಿಂದೆ ವಾಕ್ಯವಿಲ್ಲ, ಮುಂದೆ ಚಿತ್ರವಿಲ್ಲ,
ನಾಮಪದವೋ ಕ್ರಿಯಾಪದವೋ ಕೇಳೋಣವೆಂದರೆ
ಕಳಿಸಿದವನ ಫೋನು ಸತ್ತಿತ್ತು.
ಪದಕ್ಕೆ ಎರಡು ತೆತ್ರಿ.
ಎರಡು ಕಾಸಿಗೆ ಯಾರು ಯೋಚಿಸುತ್ತಾರೆ?
ಯೋಚಿಸಿದ್ದೆ. ಅದೇ ತಪ್ಪಾಯಿತು.

ಶಿಫ್ಟ್ ಎಂಬುದು ಬಂದಾಗ ಜುಂಬೇರ್
ಕಾರ್ಖಾನೆಯ ರಾತ್ರಿ ಕೆಲಸಕ್ಕೆ ರೊಟ್ಟಿ ಕಟ್ಟಿಕೊಳ್ಳುತ್ತಿದ್ದ.
ಕೆಳಮನೆಯವರು ಸಾಲ ಕಟ್ಟಲಾಗದೆ
ಪಿಯಾನೋ ಇಳಿಸಿದ ವಾರ ಬರೆದದ್ದು ಸುಸ್ತಿ.
ತಿಳಿ ಮಾತ್ರ ನನ್ನ ಹೆಮ್ಮೆ:
ಕೆಸರೆಲ್ಲ ಇಳಿದ ಮೇಲೆ ರಿಯೋನಿ ನದಿಯ ನೀರು,
ಸೇತುವೆಯ ಮೇಲಿಂದ ಕಲ್ಲು ಎಣಿಸಬಹುದಾದಷ್ಟು ತಿಳಿ.
ಅಳಿಸುವುದಕ್ಕೂ ಅದೇ ಪದ ಸಾಕೆನ್ನುವ ಜನರಿದ್ದಾರೆಂದು
ನನಗೆ ಹೇಳಿದವರಾರು?
ಇಷ್ಟು ವರ್ಷ ಎಷ್ಟು ಮಂದಿ ಒತ್ತಿದರೋ,
ತಿಳಿಯಲೆಂದು.

ಈಗ ಭಾಷೆ ಗೊತ್ತಾಯಿತಲ್ಲ, ನನ್ನದೇ ಭಾಷೆ.
ದೊಡ್ಡಕ್ಷರವಿಲ್ಲದ ನಾಡಿನಲ್ಲಿ
ದೊಡ್ಡಕ್ಷರದ ಕೀಲಿಯೊಂದು ಎಡ ಅಂಚಿನಲ್ಲಿ
ಕೆಲಸವಿಲ್ಲದೆ ಕೂತಿದೆ, ಸವೆದಿಲ್ಲ, ಹೊಳೆಯುತ್ತಿದೆ.
ಅದರ ಹೆಸರಿನ ಮುಂದೆ ಹಾಕಿದೆ: ಪಾಳಿ.
ಒಮ್ಮೆ ಒತ್ತಿದರೆ ಸಾಕು, ತಾನೇ ಬಾಗಿಲು ಹಿಡಿದು ನಿಲ್ಲುತ್ತದೆ.

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷದ ಮೇಲೆ
ಈ ಮನೆಯಲ್ಲಿ ಒಬ್ಬರಿಗೆ ರಾತ್ರಿ ಕೆಲಸ ಸಿಕ್ಕಿತು.

ಅಡುಗೆಮನೆಯಿಂದ ಜುಂಬೇರ್ ಕೇಳುತ್ತಾನೆ,
ಯಾರ ಜೊತೆ ನಗುತ್ತಿದ್ದೀ?