ನಲವತ್ತಮೂರನೆಯ ಬೀಟೆ

ಕೊಡಲಿಗೂ ಕಣ್ಣಿತ್ತು, ಅಂದರು ದೇಚಮ್ಮ ಮೇಡಂ,
ನಮಗಿಂತ ಚೆನ್ನಾಗಿ ಆರಿಸುತ್ತಿತ್ತು.
ನೂರು ವರ್ಷ ನೆಟ್ಟಗಿದ್ದುದನ್ನೇ ಹುಡುಕಿ ಉರುಳಿಸಿ
ಗಂಟು, ಸೊಟ್ಟ, ಮೊಣಕಾಲಲ್ಲೇ ಕವಲೊಡೆದದ್ದು
ಇವನ್ನೆಲ್ಲ ಬೀಜಕ್ಕೆ ಬಿಟ್ಟುಹೋಯಿತು.
ಈಗ ಕಾಡೆಲ್ಲ ಆ ಬೀಜದ ಮಕ್ಕಳು.

ಹಾಗಾಗಿ ನಾವು ತಿತಿಮತಿಯ ಆಚೆ
ಟೇಪು, ಹಳದಿ ಪೇಂಟಿನ ಡಬ್ಬಿ ಹಿಡಿದು
ಕೊಡಲಿ ಮರೆತದ್ದನ್ನು ಹುಡುಕುತ್ತಿದ್ದೇವೆ.
ಕೊರಕಲಲ್ಲಿ ಒಂದು. ದೇವರಕಾಡಿನಲ್ಲಿ ಎರಡು;
ಅಲ್ಲಿ ಚಪ್ಪಲಿ ಕಳಚಿಟ್ಟು ಎದೆಮಟ್ಟದ ಸುತ್ತಳತೆ ತೆಗೆದೆ,
ತಬ್ಬಿಕೊಂಡ ಹಾಗೆ ಕಾಣಬಾರದೆಂದು
ಮುಖ ಬಿಗಿಹಿಡಿದು.
ಮೂರು ವರ್ಷಕ್ಕೆ ನಲವತ್ತೆರಡು ತಾಯಿಮರ.

ನಲವತ್ತಮೂರನೆಯದು ಮರವಲ್ಲ.
ರಸ್ತೆ ಅಗಲ ಮಾಡುವಾಗ ಜೆಸಿಬಿಯ ಹಲ್ಲು ತಾಗಿ
ದರೆಯಲ್ಲೊಂದು ಬೇರು ಸೀಳಿತ್ತು,
ಸೀಳಿದಲ್ಲಿಂದ ಮೂರು ಚಿಗುರು.
ಬೇರಿನ ಬೆನ್ನು ಹಿಡಿದು ಹತ್ತಿದರೆ
ಲಂಟಾನದೊಳಗೆ ಒಂದು ಬುಡ,
ಮೂವರು ಕೂತು ಊಟ ಮಾಡುವಷ್ಟು ಅಗಲ.
ಊಟವನ್ನೂ ಮಾಡಿದೆವು.

ರಿಜಿಸ್ಟರಿನ ಮೂರನೆಯ ಕಾಲಮ್ಮು: ಎತ್ತರ.
ಕಡಿದು ನಲವತ್ತು ವರ್ಷವಾದ ಮರಕ್ಕೆ
ಎತ್ತರ ಯಾರು ಹೇಳಬೇಕು?
ಬುತ್ತಿ ಕಟ್ಟುತ್ತ ಬೋಳಕ ಅಂದ:
ನಮ್ಮಜ್ಜ ಇದರ ತುದಿ ನೋಡಲು ತಲೆಯೆತ್ತಿದರೆ
ತಲೆವಸ್ತ್ರ ಹಿಂದೆ ಬೀಳುತ್ತಿತ್ತಂತೆ.
ಗರಗಸದ ಇನ್ನೊಂದು ತುದಿ ಹಿಡಿದವನೂ ಅವನೇ.
ಕೂಲಿ ಎಷ್ಟು ಕೊಟ್ಟರು ಅಂತ ಕೇಳಿದರೆ
ನೆನಪಿಲ್ಲ ಅನ್ನುತ್ತಿದ್ದ.
ಮೇಡಂ ಪೆನ್ಸಿಲು ಕಚ್ಚಿದರು. ಬರೆಯಲಿಲ್ಲ.

ಕಕ್ಕಡ ಹದಿನೆಂಟಕ್ಕೆ ಮದ್ದುಪಾಯಸ ತಿಂದು
ನೇರಳೆ ನಾಲಿಗೆಯಲ್ಲೇ ಬಂದರು
ಪೊನ್ನಂಪೇಟೆಯ ನರ್ಸರಿ ಶೆಡ್ಡಿಗೆ.
ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟೆ.
ಯಾವುದೋ ಸೊಟ್ಟ ಮರದ ಬೀಜದಿಂದೆದ್ದ ಸಸಿ,
ಅದರ ತಲೆ ತೆಗೆದು, ಸೀಳಿ,
ಸೀಳಿಗೆ ದರೆಯಿಂದ ತಂದ ಕುಡಿಯ ಬೆಣೆ.
ತೊಗಟೆಗೆ ತೊಗಟೆ, ಹಸಿಗೆ ಹಸಿ,
ಕೂದಲೆಳೆ ಆಚೀಚೆಯಾದರೂ ಕೂಡುವುದಿಲ್ಲ.
ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ಕು, ಕುಲಾವಿಯ ಹಾಗೆ.

ಅರವತ್ತು ಕಟ್ಟಿದೆವು. ಐವತ್ತೊಂದು ಕಪ್ಪಾದವು.
ಎರಡನ್ನು ಹಂದಿ ಕೆದಕಿತು.
ಉಳಿದ ಏಳು ಅದರ ಮಕ್ಕಳಲ್ಲ,
ಅದೇ, ಅನ್ನುತ್ತಾರೆ ಮೇಡಂ;
ಅದೇ ಮರ, ಮತ್ತೆ ಎಳೆಯದಾಗಿ,
ಸೊಟ್ಟನ ಮಗುವಿನ ಕಾಲಮೇಲೆ.

ಇವು ಹೂಬಿಡುವಾಗ ಅವರಿಗೆ ಪಿಂಚಣಿ.
ಇವುಗಳ ಬೀಜದ ಕಾಡು ನೆಟ್ಟಗೆ ಬಂತೋ ಇಲ್ಲವೋ
ನೋಡುವವರು ಇನ್ನೂ ಹುಟ್ಟಿಲ್ಲ.
ಅದಕ್ಕೇ ನನ್ನ ಅಕ್ಷರದ ಮೇಲೆ ಅವರಿಗೆ ಸಿಟ್ಟು:
ದುಂಡಗೆ ಬರೆಯಯ್ಯ, ಓದುವವರು ನಾವಲ್ಲ.

ಶನಿವಾರ ಅಳತೆ.
ಸಸಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ ಬೋಳಕ
ಸ್ಕೇಲಿನ ಗೆರೆ ನೋಡಲು ಬಗ್ಗಿದ, ಇನ್ನೂ ಬಗ್ಗಿದ,
ತಲೆವಸ್ತ್ರ ಮುಂದಕ್ಕೆ ಜಾರಿ ಮಣ್ಣಿಗೆ ಬಿತ್ತು.
ಕೊಡವಿ ಸುತ್ತಿಕೊಳ್ಳುತ್ತ ಹೇಳಿದ, ನಾನು ಬರೆದೆ:
ಹದಿನೆಂಟು ಸೆಂಟಿಮೀಟರು.
ಒಂದೆಲೆ ಹುಳ ತಿಂದಿದೆ.