ಹೇರಳೆ ಪಾಕ

ಗೆಣಸು ತಂದಿದ್ದೀನಿ ಅಂದರೆ ಸಾಕು
ಅತ್ತೆ ಕುರ್ಚಿ ತಿರುಗಿಸಿಕೊಳ್ಳುತ್ತಾರೆ,
ಅಡುಗೆಮನೆಗೆ ಬೆನ್ನು, ಬೀದಿಗೆ ಮುಖ.
"ಕ್ರಿಸ್ಮಸ್ಸಿನ ದಿನಾನೂ ಅದೇನಾ?"

ಎರಡು ಕೆಜಿ. ದೇವರಾಜ ಮಾರ್ಕೆಟ್ಟಿನಲ್ಲಿ
ಬಾಳೆಲೆ ಸಾಲಿನ ಕೊನೆಗೆ, ಕೆಂಪು ಸಿಪ್ಪೆಯವು,
ಮಣ್ಣಿನ್ನೂ ಹಸಿ.
ತೂಗುವವಳು ಒಂದನ್ನು ಉಗುರಲ್ಲಿ ಗೀರಿ ತೋರಿಸಿದಳು,
ಹಾಲು ಒಸರಿತು.

ಹೇರಳೆಕಾಯಿ ಕೊಂಡದ್ದಲ್ಲ.
ಪಕ್ಕದ ಜುಬೇದಾಬಿಯ ಕಾಂಪೌಂಡು ದಾಟಿ
ನಮ್ಮ ಕಡೆ ಬಾಗಿದ ಕೊಂಬೆ;
ಕಿತ್ತರೆ ಯಾರೂ ಕೇಳುವುದಿಲ್ಲ, ಆದರೂ ಕೇಳಿಯೇ ಕಿತ್ತೆ.
ಮುಳ್ಳು ಮಾತ್ರ ನನ್ನನ್ನು ಕೇಳಲಿಲ್ಲ.

ಈ ಅಡುಗೆ ನಮ್ಮ ಮನೆಯದಲ್ಲ.
ನಾನು ತಟ್ಟೆ ಒರೆಸುವ ಹೋಟೆಲಿನಲ್ಲಿ
ಡಿಸೆಂಬರಿನ ಬಫೆಗೆ ಇಡುತ್ತಾರೆ:
ಕಿತ್ತಳೆ ರಸ, ಬೆಣ್ಣೆ, ಅದೇನೋ ಡಬ್ಬಿಯ ಸಿರಪ್ಪು,
ಎಣ್ಣೆ ಹಚ್ಚಿ ಬಾಚಿದ ತಲೆಯಂಥ ಹೊಳಪು.
ಉಳಿದ ಎರಡು ಹೋಳು
ಸಿಂಕಿನ ಪಕ್ಕ ನಿಂತುಕೊಂಡೇ ತಿಂದೆ.
ಅವತ್ತಿಂದ ಯೋಚನೆ,
ಸಿರಪ್ಪಿನ ಜಾಗಕ್ಕೆ ನಮ್ಮ ಬೆಲ್ಲ ಬಂದರೆ?
ಕಿತ್ತಳೆಯ ಜಾಗಕ್ಕೆ ಹೇರಳೆಯ ಕಹಿ?

ಮುಕ್ಕಾಲು ಮಾತ್ರ ಬೇಯಿಸಿದೆ.
ಬಿಸಿಬಿಸಿ ಸುಲಿದು, ಬೆರಳು ಸುಟ್ಟು, ಕಿವಿ ಹಿಡಿದುಕೊಂಡು,
ದಪ್ಪ ಬಿಲ್ಲೆ ಕೊಯ್ದು ಬೆಣ್ಣೆಯಲ್ಲಿ ಮಗುಚಿಟ್ಟೆ.
ಬಾಣಲೆಗೆ ಪಾಂಡವಪುರದ ಅಚ್ಚು ಬೆಲ್ಲ,
ರಸ, ಚಿಟಿಕೆ ಉಪ್ಪು, ಜಜ್ಜಿದ ಕಾಳುಮೆಣಸು,
ಸಿಪ್ಪೆಯ ಹಸಿರಷ್ಟೇ ತುರಿದು,
ಬಿಳಿ ಬಂತೋ, ಕೆಟ್ಟಿತು.

ಬೆಲ್ಲ ಕರಗಿತು, ನೊರೆ ಎದ್ದಿತು.
ಅತ್ತೆಯ ಬೆನ್ನು ಮಾತಾಡಿತು:
"ಉರಿ ಇಳಿಸು. ಸದ್ದು ದಪ್ಪ ಆಯ್ತು."

ಸದ್ದು ದಪ್ಪ ಆಗೋದು ಅಂದರೇನು, ಕೇಳಲಿಲ್ಲ.
ಇಳಿಸಿದೆ.
ಕುರ್ಚಿ ಕಿರ್ರೆಂದಿತು. ಎಪ್ಪತ್ತೆಂಟರ ಚೌರಮ್ಮ
ಎದ್ದು ಬಂದು ಸೌಟು ಕಿತ್ತುಕೊಂಡರು.

ಹತ್ತು ವರ್ಷದವಳಿದ್ದಾಗ
ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತು
ಮಡ್ಡಿ ತೆಗೆದ ಕೈ ಅದು.
ಕೂಲಿ ಅಂದರೆ ಸಂಜೆಗೊಂದು ಬುಟ್ಟಿ ಗೆಣಸು.
ಬೆಲ್ಲ ಎದುರಿಗೇ ಕುದಿಯುತ್ತಿತ್ತು, ನೆಕ್ಕಿದರೆ ಏಟು.
ಬೆಳಿಗ್ಗೆ ಗೆಣಸು, ರಾತ್ರಿ ಗೆಣಸು,
ಅಕ್ಕಿ ಸಿಕ್ಕದ ಆ ವರ್ಷ ಹಬ್ಬಕ್ಕೂ ಗೆಣಸು.
ಅಪ್ಪ ಇನ್ನಾಸಪ್ಪ ಗೋದಲಿಯೊಳಗೆ
ಮೂವರು ಜ್ಞಾನಿಗಳ ಕಾಣಿಕೆ ಪಕ್ಕ
ಒಂದು ಗೆಣಸಿಟ್ಟು ನಕ್ಕನಂತೆ.
ಅವ್ವ ನಗಲಿಲ್ಲವಂತೆ.

ಇದನ್ನೆಲ್ಲ ಪಾಕಕ್ಕೆ ಹೇಳಿದರು, ನನಗಲ್ಲ.

ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು
ಬೆರಳಲ್ಲಿ ಒತ್ತಿ ನೋಡಿ,
"ಎಳೆ ಬಂತು. ಇನ್ನು ಬಿಟ್ಟರೆ ಉಂಡೆಯಾಗ್ತದೆ.
ಸುರಿ ಈಗ, ನನ್ನ ಮುಖ ಏನು ನೋಡ್ತೀಯ?"

ಸುರಿದೆ. ಬಿಲ್ಲೆ ಬಿಲ್ಲೆಯೂ ಬಲ್ಬಿನ ಬೆಳಕು ಕುಡಿಯಿತು.

ಊಟಕ್ಕೆ ಕೂತಾಗ ಮೈದುನನ ತಕರಾರು:
ಇದು ಪಲ್ಯವೋ, ಸಿಹಿಯೋ,
ಪಲಾವಿನ ಜೊತೆಗೋ, ಆಮೇಲೋ?
ಹಂದಿ ಸಾರಿನ ಪಕ್ಕಕ್ಕೇ ಇಟ್ಟುಕೊಂಡು
ಮೂರು ಸಲ ಬಡಿಸಿಕೊಂಡ.
ಮಕ್ಕಳು ಮೆಣಸನ್ನು ಎಲೆಯಂಚಿಗೆ ಆರಿಸಿಟ್ಟರು.
ಒಂದು ಡಬ್ಬಿ ಕಾಂಪೌಂಡು ದಾಟಿ ಹೋಯಿತು.
ಅತ್ತೆಯ ಎಲೆಯಲ್ಲಿ ಮಾತ್ರ ಆ ಜಾಗ ಖಾಲಿ.
ಒತ್ತಾಯ ಮಾಡಲಿಲ್ಲ.

ರಾತ್ರಿ, ಬಾಣಲೆ ನೆನೆಹಾಕುತ್ತಿದ್ದೆ.
"ಪಾಕ ಬಳಿಯದ್ದು ಒಂದಾದರೂ ಉಳಿದಿದೆಯಾ?"
"ಇದೆ. ತಣ್ಣಗಾಗಿದೆ."
"ಕೊಡು.
ಹೊಟ್ಟೆ ತುಂಬಿರುವಾಗ
ಅದರ ರುಚಿ ಹೆಂಗಿರ್ತದೆ ಅಂತ
ನೋಡೇ ಇಲ್ಲ ನಾನು."

ಸಿಪ್ಪೆ ಸಮೇತ ಕಚ್ಚಿದರು.
ಬಹಳ ಹೊತ್ತು ಅಗಿದರು.
ಆಮೇಲೆ ಉಪ್ಪು ಕೇಳಿದರು.