ತೆರದ ಕಲ್ಲು

ಮೊಬೈಲಿನಲ್ಲಿ ಆ ಫೋಟೊ ತೋರಿಸಿದಾಗ
ಅಪ್ಪ ಮೊದಲು ಕೇಳಿದ್ದು ಬೆಲೆಯನ್ನಲ್ಲ,
‘ತೂತು ಯಾವ ಉಳಿಯಾಗೆ ಹೊಡೆದ್ರು?’

ಆಳೆತ್ತರದ ಕಲ್ಲಿನ ಚಕ್ರ, ಅಂಚಿಗೆ ಪಾಚಿ,
ಒಬ್ಬ ಹುಡುಗ ಅದಕ್ಕೆ ಒರಗಿ ನಿಂತಿದ್ದಾನೆ.
ಯಾಪ್ ಅಂತ ಒಂದು ದ್ವೀಪ, ಅಪ್ಪಾ. ಇದು ಅವರ ದುಡ್ಡು.
ತಮ್ಮಲ್ಲಿ ಈ ಕಲ್ಲಿಲ್ಲವೆಂದು
ಸಮುದ್ರ ದಾಟಿ ಹೋಗಿ, ಇನ್ನೊಂದು ದ್ವೀಪದಲ್ಲಿ ಕಡಿದು,
ತೆಪ್ಪದ ಮೇಲೆ ತರುತ್ತಿದ್ದರಂತೆ.

ಅಪ್ಪ ಪರದೆಯನ್ನು ಹೆಬ್ಬೆರಳಿಂದ ಒರೆಸಿದ,
ಕಲ್ಲಿನ ಧೂಳು ಒರೆಸಿದ ಹಾಗೆ.
ಚಿತ್ರ ಸರಿದು ಕುಕ್ಕರಿನ ಜಾಹೀರಾತು ಬಂತು.
ಮತ್ತೆ ತೋರಿಸಿದೆ.
‘ತೂತು ಬೊಂಬು ತೂರಿಸಿ ಹೊರಾಕೆ’ ಎಂದ ತಾನೇ.
ಆಮೇಲೆ, ‘ತರುವಾಗ ಎಷ್ಟು ಜನ ಸತ್ರು?’

ಅದನ್ನೂ ಎಣಿಸುತ್ತಾರಂತೆ ಅಲ್ಲಿ.
ಗಾತ್ರಕ್ಕಿಂತ, ಪಟ್ಟ ಪಾಡಿಗೆ ಬೆಲೆ ಹೆಚ್ಚು.
ಒಂದಂತೂ ಬಿರುಗಾಳಿಗೆ ಸಿಕ್ಕಿ ಮುಳುಗೇ ಹೋಯಿತು,
ಕಂಡವರು ಬಂದು ಹೇಳಿದರು, ಊರು ಒಪ್ಪಿತು,
ಆ ಮನೆಯವರು ಆಮೇಲೂ ಸಾಹುಕಾರರೇ.

ನಾನು ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವಳು,
ಒರೆಗಲ್ಲಿಗೆ ಉಜ್ಜಿ, ತೂಗಿ, ಓಲೆಯ ಹರಳಿನ ತೂಕ ಕಳೆದು,
ಮೂರು ಕಡೆ ಸಹಿ ಹಾಕಿಸಿಕೊಳ್ಳುವವಳು,
ನಕ್ಕೆ.
ಅಪ್ಪ ನಗಲಿಲ್ಲ.

‘ನಿಮ್ಮಜ್ಜಿ ಸುಂಕಮ್ಮಗೆ ಏನು ತೆರ ಕೊಟ್ಟಿದ್ರು, ಗೊತ್ತಾ?’

ಜೋಗಿಮಟ್ಟಿ ಕಡೆಯ ಬಂಡೆ. ದಾವಣಗೆರೆ ಸಾಹುಕಾರನ
ಎಣ್ಣೆ ಗಾಣಕ್ಕೆ ಕಡಿದ ಕಲ್ಲು, ನಡುವೆ ಕುಳಿ.
ನಾಲ್ಕು ಎತ್ತು, ಮರದ ಗಾಲಿ.
ಕಾಗೆಕಟ್ಟೆ ಏರಿಯ ಮೇಲೆ ಅಚ್ಚು ಮುರಿಯಿತು.
ಗಾಲಿಗೆ ಅಡೆ ಕೊಡುತ್ತಿದ್ದ ಚಿಕ್ಕೋಬಳಿ, ನಮ್ಮಜ್ಜನ ತಮ್ಮ,
ಕಲ್ಲಿನ ಜೊತೆಗೇ ಹೋದ.
ಮೂರನೇ ದಿನ ಅವನು ಮೇಲೆ ಬಂದ.
ಕಲ್ಲು ಬರಲಿಲ್ಲ.
ಸಾಹುಕಾರ ಕೊಡೆ ಹಿಡಿದು ಏರಿಯ ಮೇಲೆ ನಿಂತು ನೋಡಿ
‘ನನಗೆ ಮುಟ್ಟಿಲ್ಲ, ಅಲ್ಲಿಗೆ ಅದು ನಿಮ್ಮದೇ’ ಎಂದು ಹೊರಟುಹೋದ.

ಮರುವರ್ಷ ಅಜ್ಜನ ಮದುವೆ. ಹೆಣ್ಣಿನವರು ಕೇಳಿದ್ದು ನಲವತ್ತು ರೂಪಾಯಿ.
ಮುತ್ತಜ್ಜ ಐದು ಜನ ಹಿರಿಯರನ್ನು ಏರಿಗೆ ಕರೆದೊಯ್ದು
ನೀರಿನ ಕಡೆ ಬೆರಳು ತೋರಿಸಿದ: ‘ಅಗಾ.’
ಹಿರಿಯರು ನೋಡಿದರು. ಗಾಳಿಗೆ ಜೊಂಡು ಅಲ್ಲಾಡುತ್ತಿತ್ತು.
‘ಐತೆ’ ಎಂದರು. ‘ಚಿಕ್ಕೋಬಳಿ ಕಲ್ಲು. ನಾವು ಬಲ್ಲೆವು.’
ಎಲೆ ಅಡಿಕೆ ಕೈ ಬದಲಾಯಿತು.

ಅಲ್ಲಿಂದ ಆ ಕಲ್ಲು ಯಾರ್ಯಾರ ಮನೆಗೆ ಹೋಯಿತೆಂದು
ಅಪ್ಪ ನಮ್ಮ ಮನೆಮಾತಿನಲ್ಲಿ ಬೆರಳು ಮಡಚಿದ,
ಒಕಟಿ, ರೆಂಡು, ಮೂಡು.
ಒಂದು ಸಲ ಎತ್ತಿಗೆ, ಒಂದು ಸಲ ಹೊಡೆದಾಟದ ದಂಡಕ್ಕೆ,
ಕಡೆಗೆ ಸುಂಕಮ್ಮನ ಅಣ್ಣ ಅದನ್ನು ತಂಗಿಯ ಬಾಣಂತನಕ್ಕೆ ಬಿಟ್ಟುಕೊಟ್ಟ.
ಕಲ್ಲು ಒಂದು ಗೇಣೂ ಕದಲಲಿಲ್ಲ.

ನನಗೂ ನೆನಪಿದೆ. ಅಜ್ಜ ಕುಡಿದು ಬಂದ ರಾತ್ರಿ
ಅಜ್ಜಿ ಒಲೆಯ ಮುಂದಿನಿಂದ ಏಳದೆ ಹೇಳುತ್ತಿದ್ದಳು,
‘ನನ್ನ ಕಲ್ಲು ಕೆರೆಯಾಗೈತೆ, ನಿನ್ನ ಹಂಗೇನು.’
ಗಾದೆಯೇನೋ ಅಂದುಕೊಂಡಿದ್ದೆ.

‘ಕಾಗೆಕಟ್ಟೆ ಹೂಳು ತೆಗೆದರಲ್ಲಪ್ಪಾ, ಜೆಸಿಬಿ ತಂದು?
ನೀನು ನಾಲ್ಕು ದಿನ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದೆ.
ಕೂಲಿಗೆ ಅಂತಿದ್ದೆ.
ಸಿಕ್ಕಿತಾ?’

ಅಪ್ಪ ಚೊಂಬು ಎತ್ತಿ ನೀರು ಕುಡಿದ, ಪೂರ್ತಿ.
‘ಆಗಿನ್ನೂ ನಿಮ್ಮಜ್ಜಿ ಬದುಕಿದ್ಲು’ ಎಂದ.

ಇವತ್ತು ಬಸ್ಸಿನಲ್ಲಿ ಕಿಟಕಿ ಕಡೆ ಕೂತೆ.
ಏರಿ ಬಂತು. ನೀರಿತ್ತು. ಎರಡು ನೀರುಕಾಗೆ.

ಕೌಂಟರಿನಲ್ಲಿ ಮೊದಲ ಗಿರಾಕಿ
ಮೂಗುಬಟ್ಟು ಬಿಚ್ಚಿ ಗಾಜಿನ ಮೇಲಿಟ್ಟಳು.
ಅರ್ಜಿಯಲ್ಲಿ ‘ಇತರೆ ಆಸ್ತಿ’ ಎಂಬಲ್ಲಿ ಖಾಲಿ.
‘ಏನೂ ಇಲ್ವಾ?’ ಎಂದು ಕೇಳಿದೆ.
ತಲೆಯಾಡಿಸಿದಳು.
ಇನ್ನೊಂದು ಸಲ ಕೇಳಿದೆ.